ತಟ್ಟಿ ನೋಡಬ್ಯಾಡ್ರಿ, ನಾ ತೆಂಗಿನಕಾಯಿ ಅಲ್ಲ!

ಪುಣೆಯಿಂದ ಬರುವಾಗ, ಕೊಲ್ಹಾಪುರ ಇನ್ನೇನು ಬಂತು ಎನ್ನುವಷ್ಟರಲ್ಲಿ ಹೆದ್ದಾರಿ ಪಕ್ಕ ಪುಲಾಚಿ ಶಿರೋಳಿ ಸಿಗುತ್ತದೆ. ಇಲ್ಲಿನ ಎಂಐಡಿಸಿ ಕೈಗಾರಿಕಾ ಪ್ರದೇಶದ ತುಂಬ ಫೌಂಡ್ರಿಗಳು. ಟ್ರ್ಯಾಕ್ಟರು, ಟ್ರಕ್ಕುಗಳ ಬೀಡುಕಬ್ಬಿಣದ ಭಾಗಗಳು ಇಲ್ಲಿ ಎರಕವಾಗಿ ದೂರದೂರಿಗೆ ಹೋಗುತ್ತವೆ. ಅಂಥದೊಂದು ಫೌಂಡ್ರಿಯ ಹಿತ್ತಿಲ ಶೆಡ್ಡಿನಲ್ಲಿ, ತಾಡಪತ್ರಿಯ ಕೆಳಗೆ, ಮೈಮೇಲೆ ಕಬ್ಬಿಣದ ತಗಡೇ ಇಲ್ಲದ ಸಿಪಾನಿ ಡಾಲ್ಫಿನ್ ಕಾರೊಂದು ನಮಗೆ ಮಾತಿಗೆ ಸಿಕ್ಕಿತು. ಹಳೆಯ, ಸಣ್ಣ, ಚುರುಕು ಕಾರೆಂದರೆ ಪ್ರಾಣ ಬಿಡುವವರು ಭಾನುವಾರ ದರ್ಶನಕ್ಕೆ ಬರುತ್ತಾರಂತೆ. ನಾವು ಹೋದದ್ದು ಸೋಮವಾರ.

ನಮಸ್ಕಾರ. ಕನ್ನಡ ಬರುತ್ತದಲ್ಲ?

ಬರ್ರಿ ಪಾವ್ಣೇರ. ನಾ ಹುಟ್ಟಿದ್ದು ಬೆಂಗಳೂರಾಗ, 1983ರಾಗ. ಆದ್ರ ಅಲ್ಲಿಯ ಕನ್ನಡ ಸೈಲೆನ್ಸರ್ ಜೋಡಿನ ಉದುರಿ ಹೋತು. ಈಗ ಮಾತಾಡೋದು ಚಿಕ್ಕೋಡಿ, ನಿಪ್ಪಾಣಿ ಕಡಿಂದ ಇಲ್ಲಿ ಎರಕದ ಕೆಲಸಕ್ಕ ಬರೋ ಹುಡುಗರ ಭಾಷಾ.

ನಿಮ್ಮ ಮನೆತನ?

ಮೂಲ ಇಂಗ್ಲೆಂಡಿನ ಟ್ಯಾಮ್‌ವರ್ತ್. ಅಲ್ಲಿಯ ರಿಲಯಂಟ್ ಕಂಪನಿಯವರು ಮೂರು ಗಾಲಿ ಗಾಡಿಗೆ ಹೆಸರಾದವರು. 1975ರಾಗ ಅದಕ್ಕ ನಾಲ್ಕನೇ ಗಾಲಿ ಹಚ್ಚಿ ‘ಕಿಟನ್’ ಅಂತ ಬಿಟ್ರು. ನಮ್ಮ ಬೆಂಗಳೂರಿನ ಸಿಪಾನಿಯವರೂ ಮೊದಲ ‘ಬಾದಲ್’ ಅನ್ನೋ ಮೂರು ಗಾಲಿ ಗಾಡಿ ಮಾಡಿ ಕೈ ಸುಟ್ಟುಕೊಂಡವರ. ಮೂರು ಗಾಲಿಯವರಿಬ್ಬರೂ ಬೀಗತನ ಮಾಡಿ, ನಾಲ್ಕು ಗಾಲಿಯ ನನ್ನ ಹಡದ್ರು. 848 ಸಿಸಿ ಅಲ್ಯುಮಿನಿಯಂ ಎಂಜಿನ್, ಎರಡ ಬಾಗಲಾ, ಮೈ ಪೂರಾ ಫೈಬರ್‌ಗ್ಲಾಸ್.

ಈಗ ನಿಮ್ಮನ್ನು ಜನ ಎಷ್ಟು ಪ್ರೀತಿಸುತ್ತಾರೆ!

ಆಗ ಎಲ್ಲಿದ್ರಂತ ಕೇಳ್ರಿ. ಶೋರೂಮಿಗೆ ಬರ್ತಿದ್ರು, ಬೆರಳಿನ ಗೆಣ್ಣಿಲೆ ನನ್ನ ಬಾಗಲಾ ತಟ್ಟತಿದ್ರು. ಟಕ್ ಟಕ್. ‘ಅಯ್ಯೋ, ಪ್ಲಾಸ್ಟಿಕ್ಕು’ ಅಂತ ಹೆಂಡತಿ ಮಾರಿ ನೋಡಿ ಹೊರಗ ಹೋಗ್ತಿದ್ರು. ನಾ ಹುಟ್ಟಿದ ವರ್ಷಾನ, ಡಿಸೆಂಬರ್ 14ಕ್ಕ ಇಂದಿರಾ ಗಾಂಧಿಯವರು ಮೊದಲನೇ ಮಾರುತಿ 800ರ ಕೀಲಿ ಕೊಟ್ರು. ಅದಕ್ಕ ತಗಡಿನ ಮೈ, ಜಪಾನಿನ ಎಂಜಿನ್, ಬೆನ್ನಿಗೆ ಸರ್ಕಾರ. ನನ್ನ ಹಣೇಬರಹ ಅವತ್ತೇ ಮುಗೀತು. ಈಗ ಭಾನುವಾರ ಬರೋರು ಯಾರು? ಅವತ್ತ ತಟ್ಟಿ ಎದ್ದು ಹೋದವರ ಮಕ್ಕಳು. ಅವರೂ ತಟ್ಟತಾರ. ಅಪ್ಪ ತಟ್ಟಿದ್ದು ಅನುಮಾನಕ್ಕ, ಮಗ ತಟ್ಟೋದು ಅಕ್ಕರೆಗೆ. ನನಗ ಎರಡೂ ಒಂದ. ಬಣ್ಣ ಹೋಗೋದು ನಂದು.

ಯಾರೂ ನಿಮ್ಮ ಬೆಲೆ ಅರಿಯಲೇ ಇಲ್ಲವೇ?

ರೇಸಿನವರು ಅರಿತ್ರು. ಮದ್ರಾಸ್ ಹತ್ರ ಶೋಳಾವರಂ ಅಂತ, ಎರಡನೇ ಮಹಾಯುದ್ಧದ ವಿಮಾನಪಟ್ಟಿ. ಮನೆಮಂದಿ ‘ಬ್ಯಾಡ’ ಅಂದಿದ್ದೆಲ್ಲಾ ಅಲ್ಲಿ ಗುಣ ಆತು. ಹಗುರ ಮೈ ಬೇಕು ಅಂದ್ರು, ಹಿಂದಿನ ಗಾಲಿಗೆ ಜೋರ ಬೇಕು ಅಂದ್ರು. ಅಂಬಾಸಿಡರಿನ ತೂಕಕ್ಕ ನನ್ನಂಥಾವು ಎರಡು ಬೇಕ್ರಿ. ತಿರುವಿನ್ಯಾಗ ಅದು ಹಡಗಿನ ಹಂಗ ವಾಲೋ ಹೊತ್ತಿಗೆ ನಾ ಮುಂದಿನ ತಿರುವಿನ್ಯಾಗ ಇರ್ತಿದ್ದೆ. (ನೆನೆದು ಹಾರ್ನ್ ಬಾರಿಸಿತು. ಸದ್ದು ಬರಲಿಲ್ಲ.)

ಕೊಲ್ಹಾಪುರದಲ್ಲಿ ನಿಮಗಿಂತ ಹಿರಿಯರೊಬ್ಬರಿದ್ದಾರಲ್ಲ?

ಮಹಾರಾಜರ ಮೈಬಾಖ್ ಏನ್ರಿ? ಅವರು ಜರ್ಮನಿಯ ದೊಡ್ಡ ಮನೆತನ, ಮೈಗೆ ಕೇಸರಿ ಬಣ್ಣ. ದಸರಾಕ್ಕ ಒಮ್ಮೆ ದಸರಾ ಚೌಕಕ್ಕ ದಯಮಾಡಸ್ತಾರ, ಮಂದಿ ಕೈ ಮುಗೀತಾರ. ಅದೇ ಚೌಕಕ್ಕ ನಾ ಹೋದ್ರ ಪೊಲೀಸಪ್ಪ ಹೊಗೆಯ ಪಿಯುಸಿ ಚೀಟಿ ಕೇಳ್ತಾನ.

ಸರ್ಕಾರ ವಿಂಟೇಜ್ ಕಾರುಗಳಿಗೆ ನಿಯಮ ತಂದಿದೆಯಲ್ಲ?

ತಂದೈತಿ, 2021ರಾಗ. 50 ವರ್ಷ ತುಂಬಿರಬೇಕಂತ. ನಾ 2033ಕ್ಕ ಹಿರ್ಯಾ ಆಗ್ತೀನಿ. ಅಲ್ಲೀ ಮಟಾ? 15 ವರ್ಷಕ್ಕ ನಾ ಮುದುಕ, 50ರ ತನಕ ನಾ ಹುಡುಗ. ನಡುವಿನ 35 ವರ್ಷ ಬರೇ ಅಪರಾಧಿ. ನೋಂದಣಿ ನವೀಕರಣ 600 ರೂಪಾಯಿ ಇತ್ತು, 2022ರಾಗ 5,000 ಆತು, 20 ವರ್ಷ ದಾಟಿದವರಿಗೆ 2025ರಾಗ 10,000 ಆತು. ಮ್ಯಾಲೆ ನಂದು ಕರ್ನಾಟಕದ ನಂಬರ, ನಿಂತಿದ್ದು ಮಹಾರಾಷ್ಟ್ರದಾಗ. ಗಡಿ ಗದ್ದಲ ನಿಮಗಷ್ಟ ಅಲ್ರಿ, ನನಗೂ ಐತಿ. ಆ ಕಡೆಯ ಎನ್‌ಓಸಿ ತರ್ರಿ ಅಂತಾರ ಇಲ್ಲಿಯ ಸಾರಿಗೆ ಕಚೇರಿಯವರು.

2019, 2021ರ ಮಹಾಪೂರದಲ್ಲಿ ಪಂಚಗಂಗೆ ಇಲ್ಲಿ ಹೆದ್ದಾರಿಗೇ ಏರಿತ್ತು. ಹೆಸರಿಗೆ ತಕ್ಕಂತೆ ಈಜಿದಿರಾ?

ಶೆಡ್ ಎತ್ತರದಾಗ ಐತಿ, ನೀರು ಬರಲಿಲ್ಲ. ಖರೇ ಹೇಳ್ತೀನಿ, ಅದ ನನ್ನ ಸುವರ್ಣಕಾಲ. ರಸ್ತೆ ಬಂದ್ ಆಗಿ ಲಾರಿಗಳೆಲ್ಲಾ ಸಾಲ ಹಚ್ಚಿ ನಿಂತಿದ್ವು. ಇಷ್ಟ ವರ್ಷದಾಗ ಆವಾಗಷ್ಟ ಒಂದ ಗಾಡೀನೂ ನನ್ನ ಹಿಂದ ಹಾಕಲಿಲ್ಲ.

ಸುತ್ತ ಇಷ್ಟೆಲ್ಲ ಫೌಂಡ್ರಿಗಳು. ಬಿಡಿಭಾಗಕ್ಕೆ ಚಿಂತೆ ಇರಲಿಕ್ಕಿಲ್ಲ.

ಇದ ನೋಡ್ರಿ ತಮಾಷೆ. ಹೋದ ವರ್ಷ ನನ್ನ ವಾಟರ್ ಪಂಪಿನ ಕವಚ ಸೀಳಿತು. ನಮ್ಮ ಮಾಲಕರು ಅದನ್ನ ಹಳೇ ಬನಿಯನ್ನಿನ್ಯಾಗ ಸುತ್ತಿಕೊಂಡು ಪಕ್ಕದ ಕಾರಖಾನೆಗೆ ಹೋದ್ರು. ಅಲ್ಲಿಯವರು ತಿರುಗಿಸಿ ನೋಡಿದ್ರು, ಅಂಗೈಯಾಗ ತೂಗಿದ್ರು. ‘ಆಗ್ತೈತಿ. ಪ್ಯಾಟರ್ನ್ ಮಾಡಬೇಕು, ಕೋರ್ ಬಾಕ್ಸ್ ಮಾಡಬೇಕು. ಎಷ್ಟ?’ ‘ಒಂದ.’ ‘ಒಂದ ಸಾವಿರಾ?’ ‘ಅಲ್ರಿ, ಒಂದ.’ ಚಹಾ ಕುಡಿಸಿ ಕಳಿಸಿದ್ರು. ಸಾವಿರ ಲೆಕ್ಕದಾಗ ಸುರಿಯೋ ಭಟ್ಟಿ ಒಂದ ತುಂಡಿಗೆ ಯಾಕ ಉರಿಸ್ತಾರ? ಕಡೀಗೆ ಶಿವಾಜಿ ಉದ್ಯಮನಗರದಾಗ ಒಬ್ಬ ಮುದುಕ ಮಿಸ್ತ್ರಿ, ಅಲ್ಯುಮಿನಿಯಂ ಗಟ್ಟಿ ತಗೊಂಡು ಲೇಥಿನ ಮ್ಯಾಲೆ ಕೆತ್ತಿ ಕೊಟ್ಟ. ಇಂಥಾ ಮಿಸ್ತ್ರಿಗಳಿಂದನ ಕೊಲ್ಹಾಪುರ ಎಂಜಿನಿಯರಿಂಗಿಗೆ ಹೆಸರಾದದ್ದು.

ಮೈಯ ರಿಪೇರಿ?

ಅದನ್ನ ಮಾಡೋನು ಫೈಬರ್ ಮೂರ್ತಿ ಮಾಡೋನು. ಬಾಗಲದ ಕೀಲಿನ ಹತ್ರ ಬಿರುಕ ಬಿಟ್ಟಿತ್ತು. ಮೊದಲ ಉಜ್ಜು ಕಾಗದದಿಂದ ಉಜ್ಜಿದ, ಗಾಜಿನ ನೂಲಿನ ಚಾಪೆ ಕತ್ತರಿಸಿ ಇಟ್ಟ, ರಾಳಕ್ಕ ಹಾರ್ಡ್ನರ್ ಕಲಸಿ ಬ್ರಶ್ಶಿಲೆ ಬಡಿದ. ಗಾಳಿ ಗುಳ್ಳಿ ಒಂದೂ ಉಳಿಬಾರದಂತ. ಕೆಲಸಾ ಮುಗಿಸಿ, ರೂಢಿ ಬಲದಿಂದ ಕೈ ಮುಗಿದು ಹೋದ.

ಫೈಬರ್ ಮೈ ಎಂದಾಗ ನೆನಪಾಯಿತು, ಸಾನ್ ಸ್ಟಾರ್ಮ್ ಕಾರಿನ ಬಗ್ಗೆ ಒಂದು ಮಾತು?

ತಮ್ಮ ಆಗಬೇಕು. ಅದೂ ಬೆಂಗಳೂರಿನ ಕಂಪನಿಯದ, ಅದೂ ಫೈಬರ್ ಮೈ, ಕಟ್ಟಿದ್ದು ಗೋವಾದಾಗ. 1,149 ಸಿಸಿ ರೆನೋ ಎಂಜಿನ್, ಎರಡ ಸೀಟು, ಛಾವಣಿ ತೆಗೀಬಹುದು. ಅವನನ್ನೂ ಎಲ್ಲಾರೂ ಹೊಗಳಿದ್ರು. ಹೊಗಳಿ ಹೋಗಿ ನಾಲ್ಕ ಬಾಗಲದ ಕಾರ ತಗೊಂಡ್ರು.

ಅಭಿಮಾನಿಗಳ ಮೇಲೆ ಇಷ್ಟು ಸಿಟ್ಟೇಕೆ?

ಸಿಟ್ಟಲ್ರಿ. ಅವರ ಭಕ್ತಿ ಕಂಡು ಸುಸ್ತು. ‘ಗೇರಿನ ಗುಂಡಿ ಒರಿಜಿನಲ್ ಐತೇನು’ ಅಂತ ತಾಸಗಟ್ಲೆ ವಾದಾ ಮಾಡ್ತಾರ. ಒಬ್ಬ ಅಂತಾನ ಇದು ಕಂಪನಿ ಬಣ್ಣ ಅಲ್ಲ, ಇನ್ನೊಬ್ಬ ಅಂತಾನ ಟೈರಿನ ಅಳತಿ ತಪ್ಪೈತಿ. ‘ಒಂದ ಸುತ್ತು ಹೋಗೂಣು ಬರ್ರಿ’ ಅಂತ ಮಾಲಕರು ಕರದ್ರ ಎಲ್ಲಾರಿಗೂ ಕೆಲಸ ನೆನಪಾಗ್ತೈತಿ. ಯಾಕಂದ್ರ ಎಸಿ ಇಲ್ಲ, ಮತ್ತ ನಡುದಾರಿಯಾಗ ನಾ ನಿಂತ್ರ ನೂಕಬೇಕಲ್ಲ. ನನ್ನ ಮುಂದ ನಿಂತು ಫೋಟೋ ತಗೊಂಡು, ಆಟೋಮ್ಯಾಟಿಕ್ ಗೇರಿನ ಎಸ್‌ಯುವಿ ಹತ್ತಿ ಹೋಗ್ತಾರ.

ಓದುಗರಿಗೆ ಏನಾದರೂ ಹೇಳುವುದಿದೆಯೇ?

ಐತ್ರಿ. ಯಾರದರೆ ಮನ್ಯಾಗ, ಅಟ್ಟದ ಮ್ಯಾಲೆ, ಡಾಲ್ಫಿನ್ನಿನ ಕ್ಲಚ್ ಕೇಬಲ್ ಬಿದ್ದಿದ್ರ ಶಿರೋಳಿಗೆ ತಂದು ಕೊಡ್ರಿ. ತಂದವರಿಗೆ ಮೊದಲ ಸವಾರಿ ಫುಕಟ್. ನೂಕೋ ಕೆಲಸಾ ಬಂದ್ರ ಅದೂ ಅವರದ.