ಕರೆಂಟಿಲ್ಲದೆ ತಿರುಗುವ ಫ್ಯಾನು

"ಮೇಲಿನ ಫ್ಯಾನಿಗೆ ಮೋಟಾರು ಎಲ್ಲಿದೆ?" ಎಂದು ಕೇಳುತ್ತಾರೆ. ಇಲ್ಲ ಎನ್ನುತ್ತೇನೆ. "ಅಂದ್ರೆ ಇನ್ನೂ ಕೂರಿಸಿಲ್ಲವೋ?" ಎನ್ನುತ್ತಾರೆ. ಕೂರಿಸುವುದೇ ಇಲ್ಲ ಎನ್ನುತ್ತೇನೆ. ಅಲ್ಲಿಗೆ ಕೇಳಿದವರ ಮುಖದಲ್ಲಿ ಒಂದು ಬಗೆಯ ಮರುಕ ಮೂಡುತ್ತದೆ. ಕಾಫಿಯನ್ನು ಬೇಗ ಮುಗಿಸಿ, ಬಾಗಿಲ ಬಳಿ ನನ್ನ ಹೆಂಡತಿಯನ್ನು ತಗ್ಗಿದ ದನಿಯಲ್ಲಿ "ಮೇಷ್ಟ್ರು ಹುಷಾರಾಗಿದ್ದಾರಾ?" ಎಂದು ವಿಚಾರಿಸಿಕೊಂಡು ಹೋಗುತ್ತಾರೆ.

ಹೈಸ್ಕೂಲು ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಂಡು ಬಂದವನು ನಾನು. ಕಬ್ಬಿಣದ ಹಡಗು ತೇಲುತ್ತದೆ, ಚಂದ್ರ ಬೀಳುತ್ತಲೇ ಇದ್ದಾನೆ, ಆದರೂ ಬೀಳುವುದಿಲ್ಲ ಎಂಬಂಥ ಮಾತುಗಳನ್ನೆಲ್ಲ ಕೊನೆಯ ಬೆಂಚಿನವರೂ ಒಪ್ಪುವಂತೆ ಮಾಡಿದ್ದೇನೆ. ಅಂಥವನಿಗೆ ನಡುಮನೆಯಲ್ಲಿ ಕೂತು ಒಂದು ಆಟೋಜೈರೋ ಏನೆಂದು ಒಪ್ಪಿಸಲು ಆಗುತ್ತಿಲ್ಲ. ಅದರ ಹಾರುವ ಮಾದರಿಯೊಂದನ್ನು ಕಟ್ಟಲು ಹಿಡಿದದ್ದಕ್ಕಿಂತ ಹೆಚ್ಚು ಹೊತ್ತು ಅದನ್ನು ವಿವರಿಸುವುದಕ್ಕೇ ಹಿಡಿದಿದೆ.

ವಿಷಯ ಕಷ್ಟದ್ದೇನಲ್ಲ. ಹೆಲಿಕಾಪ್ಟರಿನಲ್ಲಿ ಎಂಜಿನ್ನು ಮೇಲಿನ ಅಲಗುಗಳನ್ನು ತಿರುಗಿಸುತ್ತದೆ. ಅವು ಗಾಳಿಯನ್ನು ಮೇಲಿಂದ ಎಳೆದು ಕೆಳಕ್ಕೆ ನೂಕುತ್ತವೆ. ಆಟೋಜೈರೋದಲ್ಲಿ, ಹಾರುವಾಗ, ಎಂಜಿನ್ನಿಗೂ ಮೇಲಿನ ಅಲಗುಗಳಿಗೂ ಮಾತುಕತೆಯೇ ಇಲ್ಲ. ಎಂಜಿನ್ನು ಮೂತಿಯ ಪ್ರೊಪೆಲ್ಲರ್ ತಿರುಗಿಸಿ ಯಂತ್ರವನ್ನು ಮುಂದಕ್ಕೆ ಎಳೆಯುತ್ತದೆ, ಅಷ್ಟೇ ಅದರ ಜವಾಬ್ದಾರಿ. ನೆತ್ತಿಯ ಮೇಲಿನ ರೋಟರು ತುಸು ಹಿಂದಕ್ಕೆ ವಾಲಿಕೊಂಡು ಕೂತಿರುತ್ತದೆ. ಎದುರುಗಾಳಿ ಅದರ ಅಡಿಯಿಂದ ನುಗ್ಗಿ ಮೇಲಕ್ಕೆ ಹಾಯುತ್ತದೆ, ಹಾಯುತ್ತಾ ಅಲಗುಗಳನ್ನು ತಿರುಗಿಸುತ್ತದೆ. ತಿರುಗುವ ಅಲಗೇ ರೆಕ್ಕೆ. ಚಿತ್ರದುರ್ಗದವರಿಗೆ ಇದು ಅರ್ಥವಾಗದೆ ಇರಬಾರದು. ಜೋಗಿಮಟ್ಟಿಯ ಕಡೆ ಕತ್ತೆತ್ತಿದರೆ ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುವುದು ಕಾಣುತ್ತದೆ. "ಅವಕ್ಕೆ ಯಾರಾದರೂ ಕರೆಂಟು ಕೊಟ್ಟು ತಿರುಗಿಸ್ತಾರಾ?" ಎಂದು ಒಮ್ಮೆ ಪಾಠದ ಧಾಟಿಯಲ್ಲೇ ಕೇಳಿದೆ. ಎದುರಿಗಿದ್ದ ನಿವೃತ್ತ ಬ್ಯಾಂಕ್ ಮ್ಯಾನೇಜರು, "ಕೊಡ್ತಾರೆ ಸಾರ್, ರಾತ್ರಿ ಹೊತ್ತು ಕೊಡ್ತಾರೆ" ಎಂದು ನನ್ನ ಉದಾಹರಣೆಯ ಬುಡಕ್ಕೇ ಕೊಡಲಿ ಹಾಕಿದರು.

ಅರವತ್ತು ದಾಟಿದ ಗಂಡಸರಿಗಾಗಿ ಇನ್ನೊಂದು ಉಪಾಯ ಇಟ್ಟುಕೊಂಡಿದ್ದೆ. 1967ರ ಜೇಮ್ಸ್ ಬಾಂಡ್ ಚಿತ್ರ 'ಯು ಓನ್ಲಿ ಲಿವ್ ಟ್ವೈಸ್'ನಲ್ಲಿ ಬಾಂಡ್ ಒಂದು ಪುಟಾಣಿ ಯಂತ್ರದಲ್ಲಿ ಕೂತು ದೊಡ್ಡ ಹೆಲಿಕಾಪ್ಟರುಗಳನ್ನು ಹೊಡೆದುರುಳಿಸುತ್ತಾನಲ್ಲ, ಆ 'ಲಿಟ್ಲ್ ನೆಲ್ಲಿ' ಆಟೋಜೈರೋವೇ. ಅದನ್ನು ಕಟ್ಟಿದ ಕೆನ್ ವಾಲಿಸ್ ಎಂಬ ಇಂಗ್ಲೆಂಡಿನವನೇ ಚಿತ್ರಕ್ಕಾಗಿ ಅದನ್ನು ಹಾರಿಸಿದ್ದು. ಚಿತ್ರದ ಹೆಸರು ಎತ್ತಿದ ಕೂಡಲೇ ಎಲ್ಲರ ಕಣ್ಣೂ ಹೊಳೆಯುತ್ತದೆ, ನಿಜ. ಆದರೆ ಅವರಿಗೆ ಆ ಚಿತ್ರದಲ್ಲಿ ನೆನಪಿರುವುದು ಯಂತ್ರವಲ್ಲ.

ಈ ಯಂತ್ರವನ್ನು ಕಂಡುಹಿಡಿದ ಸ್ಪೇನಿನ ಹ್ವಾನ್ ದೆ ಲಾ ಸಿಯೆರ್ವಾ ಹೇಗೆ ಒಪ್ಪಿಸಿದನೋ! 1919ರಲ್ಲಿ ಅವನು ರೂಪಿಸಿದ ಮೂರು ಎಂಜಿನ್ನಿನ ವಿಮಾನ ನೆಲದ ಹತ್ತಿರ ವೇಗ ಕಳೆದುಕೊಂಡು ಬಿತ್ತು. ವೇಗ ಹೋದರೆ ರೆಕ್ಕೆಗೆ ಬಲವಿಲ್ಲ. ಹಾಗಾದರೆ ವಿಮಾನ ನಿಧಾನವಾದರೂ ರೆಕ್ಕೆ ಮಾತ್ರ ತನ್ನ ಪಾಡಿಗೆ ಜೋರಾಗಿ ಓಡುತ್ತಿರುವಂತೆ ಮಾಡಿದರೆ? ಅದಕ್ಕೇ ತಿರುಗುವ ರೆಕ್ಕೆ. ಮೊದಲ ಮೂರು ಯಂತ್ರಗಳು ಪಕ್ಕಕ್ಕೆ ವಾಲಿ ಮಗುಚಲು ನೋಡಿದವೇ ಹೊರತು ಹಾರಲಿಲ್ಲ. ಗಾಳಿಗೆದುರಾಗಿ ಬರುವ ಅಲಗಿಗೆ ಎತ್ತುವ ಬಲ ಹೆಚ್ಚು, ಹಿಂದೆ ಸರಿಯುವ ಅಲಗಿಗೆ ಕಡಿಮೆ. ಒಂದು ಪಕ್ಕ ಏಳುತ್ತದೆ, ಇನ್ನೊಂದು ಪಕ್ಕ ಕುಸಿಯುತ್ತದೆ. ಆದರೆ ಅವನೇ ಮಾಡಿದ ಸಣ್ಣ ಮಾದರಿಗಳು ಚೆನ್ನಾಗಿ ಹಾರುತ್ತಿದ್ದವು. ದೊಡ್ಡದು ಬೀಳುತ್ತದೆ, ಚಿಕ್ಕದು ಹಾರುತ್ತದೆ, ಲೆಕ್ಕ ಎರಡಕ್ಕೂ ಒಂದೇ! ಆಮೇಲೆ ಹೊಳೆಯಿತು: ಮಾದರಿಯ ಅಲಗುಗಳಿಗೆ ಬಳಸಿದ್ದು ಬೆತ್ತ. ಬೆತ್ತ ಬಳುಕುತ್ತದೆ. ಬಲ ಹೆಚ್ಚಾದ ಅಲಗು ಬಳುಕಿ ಮೇಲೇಳುತ್ತದೆ, ಎದ್ದಾಗ ಹೆಚ್ಚುವರಿ ಬಲ ತಾನೇ ಇಳಿಯುತ್ತದೆ. ಹಾಗೆಂದು ದೊಡ್ಡ ಯಂತ್ರದ ಅಲಗುಗಳ ಬುಡಕ್ಕೆ ಕೀಲು ಹಾಕಿದ. 1923ರ ಜನವರಿಯಲ್ಲಿ ಮ್ಯಾಡ್ರಿಡ್ ಪಕ್ಕದ ಹೆತಾಫೆಯಲ್ಲಿ ಅವನ ನಾಲ್ಕನೆಯ ಯಂತ್ರ ಹಾರಿತು. ಬೆತ್ತ ನನ್ನ ಕೈಯಲ್ಲೂ ಬಹಳ ಕಾಲ ಇತ್ತು, ಬಳುಕುತ್ತಲೂ ಇತ್ತು. ಅದರಿಂದ ನನಗಾಗಲಿ ಅದರ ರುಚಿ ಕಂಡವರಿಗಾಗಲಿ ಏನೂ ಹೊಳೆಯಲಿಲ್ಲ.

ಈ ಕಥೆಯನ್ನು ಹೆಂಡತಿಗೆ ವಿಸ್ತಾರವಾಗಿ ಹೇಳಿ, "ನೋಡು, ದೊಡ್ಡವರಿಗೆ ದಾರಿ ತೋರಿಸಿದ್ದು ಆಟಿಕೆ" ಎಂದೆ. "ಆಮೇಲೆ ಏನಾದ ಅವನು?" ಎಂದಳು. ಅದೊಂದನ್ನು ಹೇಳದೆ ಬಿಡೋಣವೆಂದಿದ್ದೆ. 1936ರ ಡಿಸೆಂಬರಿನಲ್ಲಿ ಲಂಡನ್ ಬಳಿಯ ಕ್ರಾಯ್ಡನ್‌ನಲ್ಲಿ, ಮಂಜು ಮುಸುಕಿದ ಬೆಳಗ್ಗೆ, ಹತ್ತಿದ ವಿಮಾನ ಏರುವಾಗಲೇ ಅಪ್ಪಳಿಸಿ ಸತ್ತ; ಅವನಿಗೆ ನಲವತ್ತೊಂದು ವರ್ಷ. ಆ ವಿಮಾನ ಆಟೋಜೈರೋ ಅಲ್ಲ, ಮಾಮೂಲಿ ರೆಕ್ಕೆಯದು ಎಂಬುದನ್ನು ಒತ್ತಿ ಹೇಳಿದೆ. ಅವಳು ಕೇಳಿಸಿಕೊಂಡದ್ದು "ಸತ್ತ" ಎನ್ನುವವರೆಗೆ ಮಾತ್ರ.

ನನ್ನ ಮಾದರಿಗೆ ನಾನು ಆರಿಸಿಕೊಂಡದ್ದು ಇಂಗ್ಲೆಂಡಿನ ಹಳೆಯ ನಕ್ಷೆ. ಮಾದರಿ ವಿಮಾನಗಳ ಮಾಸಪತ್ರಿಕೆಗಳು ಒಂದು ಕಾಲಕ್ಕೆ ಇಂಥ ಪೂರ್ಣ ಅಳತೆಯ ನಕ್ಷೆಗಳನ್ನು ಮಡಿಚಿ ಸಂಚಿಕೆಯೊಳಗೇ ಇಟ್ಟು ಕೊಡುತ್ತಿದ್ದವು. ಈಗ ಫೈಲಾಗಿ ಬರುತ್ತವೆ. ಪ್ರಿಂಟು ಹಾಕಿಸಲು ಹೋದರೆ ಅಂಗಡಿಯ ಹುಡುಗ, ಹಾಳೆಯೊಳಗೆ ಅಚ್ಚುಕಟ್ಟಾಗಿ ಕೂರಲೆಂದು ಪ್ರೀತಿಯಿಂದ ಒಂದಿಷ್ಟು ಕುಗ್ಗಿಸಿ ಕೊಟ್ಟ. ನಕ್ಷೆಯ ಅಂಚಿನಲ್ಲಿ ಆರು ಇಂಚಿನ ಗೆರೆ ಇರುತ್ತದೆ. ಅದರ ಮೇಲೆ ಸ್ಕೇಲಿಟ್ಟು ತೋರಿಸಿದೆ. "ಸ್ವಲ್ಪ ಚಿಕ್ಕದಾದ್ರೆ ಏನ್ ಸಾರ್, ಹಾರೋದು ಹಾರುತ್ತೆ" ಎಂದ. ಸ್ವಭಾವತಃ ಸಂತೋಷಿ. ಮತ್ತೊಮ್ಮೆ ಹಾಕಿಸಿದೆ. ಕುಗ್ಗಿದ ಪ್ರತಿಗೂ ದುಡ್ಡು ತೆಗೆದುಕೊಂಡ.

ನಕ್ಷೆಯನ್ನು ಊಟದ ಮೇಜಿನ ಮೇಲೆ ಹರಡಿ, ಅಂಟು ಮೆತ್ತದಂತೆ ಮೇಲೆ ಪ್ಲಾಸ್ಟಿಕ್ ಹಾಸಿ, ಗುಂಡುಪಿನ್ನು ಚುಚ್ಚಿ, ಅದರ ಮೇಲೆಯೇ ಮರದ ಕಡ್ಡಿಗಳನ್ನು ಜೋಡಿಸಬೇಕು. ಅಂದರೆ ಊಟ ನೆಲದ ಮೇಲೆ. ನಕ್ಷೆ ಬರೆದವರ ಸ್ವಭಾವವೂ ವಿಚಿತ್ರ. ಬಾಲದ ಪಟ್ಟಿಯೊಂದರ ಮೂಲೆಯನ್ನು ಎಷ್ಟು ಗುಂಡಗೆ ಉಜ್ಜಬೇಕೆಂದು ಬಾಣದ ಗುರುತು ಹಾಕಿ ತಿಳಿಸಿದ್ದಾರೆ. ರೋಟರನ್ನು ಎಡಬಲಕ್ಕೂ ಹಿಂದೆಮುಂದೆಯೂ ವಾಲಿಸುವ ಎರಡು ಸರ್ವೋ ಮೋಟಾರುಗಳಿವೆಯಲ್ಲ, ಇಡೀ ಯಂತ್ರದ ಬಾಳು ನಿಂತಿರುವುದೇ ಅವುಗಳ ಮೇಲೆ, ಅವನ್ನು ಎಲ್ಲಿ ಕೂರಿಸಬೇಕೆಂದರೆ "ಅನುಕೂಲ ನೋಡಿಕೊಂಡು". ನಮ್ಮಜ್ಜಿಯ ಅಡುಗೆಯೂ ಹೀಗೇ: ಮೆಂತ್ಯ ಏಳು ಕಾಳು, ಉಪ್ಪು ರುಚಿಗೆ ತಕ್ಕಷ್ಟು.

ಮರ ಬಾಲ್ಸಾ. ಪಾರ್ಸಲ್ ತಂದ ಹುಡುಗ ಡಬ್ಬಿಯನ್ನು ಅಲ್ಲಾಡಿಸಿ, "ಖಾಲಿ ಕಳಿಸಿದಾರೆ ಸಾರ್, ಬಿಚ್ಚೋವಾಗ ವಿಡಿಯೋ ಮಾಡ್ಕೊಳ್ಳಿ" ಎಂದು ಎಚ್ಚರಿಸಿದ. ನಮ್ಮ ಬೀದಿಯ ಆಚಾರ್ರಿಗೆ ಬಾಲ್ಸಾ ಹಲಗೆ ತೋರಿಸಿದಾಗ ಅವರು ಉಗುರಿನಿಂದ ಒಮ್ಮೆ ಒತ್ತಿದರು. ಗುಳಿ ಬಿತ್ತು. ಮರದ ಬಗ್ಗೆ ಅವರು ಇಷ್ಟು ನೊಂದುಕೊಂಡದ್ದನ್ನು ನಾನು ಕಂಡಿರಲಿಲ್ಲ. "ಸಾಗವಾನಿ ಹಾಕ್ರಿ ಮೇಷ್ಟ್ರೆ, ನೂರು ವರ್ಷ ಬರ್ತೈತೆ" ಎಂದರು. ಸಾಗವಾನಿಯ ತೂಕ ಬಾಲ್ಸಾದ ಸುಮಾರು ನಾಲ್ಕು ಪಟ್ಟು. ನೂರು ವರ್ಷ ಬರುವುದೇನೋ ನಿಜ, ಅಷ್ಟೂ ವರ್ಷ ನೆಲದ ಮೇಲೇ.

ಆದರೆ ಅಲಗಿನ ಮುಂದಂಚಿಗೆ ಗಟ್ಟಿ ಮರದ ಪಟ್ಟಿ ಬೇಕೇ ಬೇಕು. ಬಲಕ್ಕೆ ಮಾತ್ರವಲ್ಲ, ಅಲಗಿನ ಭಾರ ಮುಂದಂಚಿನ ಕಡೆ ಇರದಿದ್ದರೆ ಅದು ಸುತ್ತುವಾಗ ಪಟಪಟ ಒದರಲು ಶುರುಮಾಡುತ್ತದೆ. ನಕ್ಷೆ ಕೇಳುವುದು ಸ್ಪ್ರೂಸ್ ಮರ. ಆಚಾರ್ರು ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಹಲಗೆಗಳ ರಾಶಿಗೆ ಕೈಹಾಕಿ, ಒಂದೊಂದನ್ನೂ ಕಣ್ಣಮಟ್ಟಕ್ಕೆ ಹಿಡಿದು, ಬೇಡ, ಬೇಡ, ಬೇಡ ಎಂದು ಎಸೆಯುತ್ತಾ ಕೊನೆಗೆ ಎಳೆ ನೆಟ್ಟಗೆ ಓಡಿದ, ಒಂದೂ ಗಂಟಿಲ್ಲದ ಒಂದನ್ನು ಹಿಡಿದರು. ಅದನ್ನು ಸೀಳಿ, ಕೀಸುಳಿ ಹೊಡೆದು, ಬೆರಳಗಲದ ಪಟ್ಟಿಗಳನ್ನು ತೆಗೆದುಕೊಟ್ಟದ್ದು ನೋಡಿದರೆ ಇಂಗ್ಲೆಂಡಿನವನೇ ಬಂದು ಕಲಿಯಬೇಕು. ಮೂರು ಸಾಕು ಎಂದರೂ ನಾಲ್ಕು ಮಾಡಿದರು. "ಇರ್ಲಿ, ಬಿದ್ದೇ ಬೀಳುತ್ತಲ್ಲ" ಎಂದರು. ಆದರೂ ಒಂದು ಜಾಗದಲ್ಲಿ ತಕರಾರು ತೆಗೆದರು. ಅಲಗು ಕೂರಿಸುವಾಗ ಹಿಂದಂಚಿನ ಕೆಳಗೆ ತೆಳ್ಳನೆಯ ಚಕ್ಕೆ ಇಟ್ಟು ಮುಂದಂಚನ್ನು ಒಂದೆರಡು ಡಿಗ್ರಿ ತಗ್ಗಿಸಬೇಕು. ಹಾಗಿದ್ದರೇ ಗಾಳಿಗೆ ತಾನಾಗಿ ಸುತ್ತು ಹಿಡಿಯುವುದು. "ತಲೆ ತಗ್ಗಿಸಿದ್ದು ಮೇಲೆ ಹೆಂಗ್ ಏರ್ತೈತೆ?" ಎಂದರು. ಗಾಳಿ ಕೆಳಗಿನಿಂದ ಬರುವುದರಿಂದ ಅಲಗಿನ ಪಾಲಿಗೆ ತಲೆ ಎತ್ತಿಯೇ ಇರುತ್ತದೆ ಎಂದೆ. ಅವರು ಬೀಡಿ ಹಚ್ಚಿದರು.

ಮೂರು ಅಲಗೂ ಒಂದೇ ತೂಕ ಬರಬೇಕು, ಇಲ್ಲದಿದ್ದರೆ ಸುತ್ತುವಾಗ ಇಡೀ ಯಂತ್ರ ನಡುಗಿ ಬಿಡಿಬಿಡಿಯಾಗುತ್ತದೆ. ಅಡುಗೆಮನೆಯ ತಕ್ಕಡಿಗೆ ಅಷ್ಟು ಸೂಕ್ಷ್ಮವಿಲ್ಲ. ಚಿನ್ನಬೆಳ್ಳಿ ಅಂಗಡಿಗೆ ಹೋದೆ. ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿಯ ಮೇಲೆ ಒಂದೊಂದೇ ಅಲಗನ್ನು ಅಡ್ಡ ಮಲಗಿಸಿ ಶೇಟು ಗಂಭೀರವಾಗಿ ತೂಗಿದರು. ಪಕ್ಕದಲ್ಲಿ ಮದುವೆಯ ಒಡವೆಗೆ ಬಂದಿದ್ದವರು ತಮ್ಮ ಸರ ಬಿಟ್ಟು ಇದನ್ನೇ ನೋಡುತ್ತಿದ್ದರು. "ಮೂರನೇದು ಇನ್ನೂರು ಮಿಲಿ ಜಾಸ್ತಿ" ಎಂದರು. ಜೇಬಿನಿಂದ ಮರಳುಕಾಗದ ತೆಗೆದು ಅಂಗಡಿ ಮೆಟ್ಟಿಲ ಮೇಲೆ ಕೂತು ಉಜ್ಜಿದೆ, ಒಳಗೆ ಹೋಗಿ ತೂಗಿಸಿದೆ, ಮತ್ತೆ ಉಜ್ಜಿದೆ. ಮೂರೂ ಸಮ ಬಂದಾಗ ಶೇಟರು ಎದ್ದು ನಿಂತು ಕೈಮುಗಿದರು. "ವೇಸ್ಟೇಜು, ಮಜೂರಿ ಏನೂ ಹಾಕಿಲ್ಲ" ಎಂದೂ ಸೇರಿಸಿದರು.

ಅಲಗುಗಳು ಸೇರುವುದು ಮಧ್ಯದ ಒಂದು ಮೂರು ಮೂಲೆಯ ಫೈಬರ್ ಹಲಗೆಗೆ. ಒಂದು ಮಿಲಿಮೀಟರ್ ದಪ್ಪ, ಬಳುಕುತ್ತದೆ; ಕೀಲಿನ ಕೆಲಸ ಅದೇ ಮಾಡುತ್ತದೆ. ಸಿಯೆರ್ವಾನ ಬೆತ್ತದ ವಂಶದ್ದೆಂದು ಅದನ್ನು ಬಂದವರಿಗೆಲ್ಲ ಬಳುಕಿಸಿ ತೋರಿಸುತ್ತಿದ್ದೆ. ಇನ್ನು ತೂಗುಪರೀಕ್ಷೆ. ರೋಟರಿನ ನಡುವಿಗೆ ದಾರ ಕಟ್ಟಿ ನೇತುಹಾಕಿದರೆ ಮೂತಿ ಇಷ್ಟು ಎಂದು ಕೆಳಗೆ ಬಾಗಬೇಕು. ಬಾಗದಿದ್ದರೆ ಬ್ಯಾಟರಿಯನ್ನು ಮುಂದೆ ತಳ್ಳಬೇಕು. ನಡುಮನೆಯ ತೊಲೆಯಲ್ಲಿ ತೊಟ್ಟಿಲು ಕಟ್ಟುವ ಕೊಂಡಿ ಇತ್ತು. ಅದಕ್ಕೆ ತೂಗುಹಾಕಿ ಕೋನಮಾಪಕ ಹಿಡಿದು ನಿಂತಿದ್ದಾಗ ದೊಡ್ಡಮ್ಮ ಬಂದರು. ಕೊಂಡಿಯನ್ನು ನೋಡಿ ಒಂದು ಕ್ಷಣ ಅವರಿಗೆ ಏನೇನೋ ಆಸೆ ಹುಟ್ಟಿರಬೇಕು. ಕೆಳಗೆ ನೇತಾಡುತ್ತಿದ್ದುದನ್ನು ನೋಡಿ ಇಳಿದುಹೋಯಿತು. "ಮೂತಿ ಇಳಿಬಿಟ್ಟಿದೆಯಲ್ಲೋ, ದೃಷ್ಟಿಯಾಗಿದೆ" ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿದರು. ಮೂತಿ ಇಳಿಯುವುದೇ ಸರಿ ಎಂದು ಅವರಿಗೆ ಹೇಳುವ ಧೈರ್ಯ ಬರಲಿಲ್ಲ.

ಈ ನಡುವೆ ಬೀದಿಯಲ್ಲಿ ಬೇರೆಯೇ ಸುದ್ದಿ. ನಮ್ಮ ಜಿಲ್ಲೆಯ ಚಳ್ಳಕೆರೆ ಬಳಿ ಡಿಆರ್‌ಡಿಒದವರು ಪೈಲಟ್ ಇಲ್ಲದ ವಿಮಾನಗಳನ್ನು ಪರೀಕ್ಷಿಸುತ್ತಾರೆ. 2019ರ ಸೆಪ್ಟೆಂಬರಿನಲ್ಲಿ ರುಸ್ತುಂ ಎಂಬ ಅಂಥದ್ದೊಂದು ಜೋಡಿಚಿಕ್ಕೇನಹಳ್ಳಿಯ ಹತ್ತಿರ ಬಿದ್ದು ಊರಿಗೆ ಊರೇ ನೋಡಲು ಹೋಗಿತ್ತು. ಆಗಿನಿಂದ ಇಲ್ಲಿ ಹಾರುವ ಸಾಮಾನು ಏನು ಕಂಡರೂ ಸರ್ಕಾರದ್ದೇ. "ಮೇಷ್ಟ್ರಿಗೆ ಅಲ್ಲಿಂದ ಕೆಲಸ ಕೊಟ್ಟಿದಾರಂತೆ, ಮನೇಲೇ ಮಾಡ್ಕೊಡ್ತಾರಂತೆ" ಎಂದು ಹಾಲಿನವನು ಕೇಳಿಕೊಂಡು ಬಂದ. ಇಲ್ಲವೆಂದೆ. ಇಲ್ಲ ಎನ್ನುವುದೇ ಅದಕ್ಕೆ ಪುರಾವೆ ಎಂಬಂತೆ ತಲೆಯಾಡಿಸಿ, ಅಂದಿನಿಂದ ಹಾಲಿಗೆ ನೀರು ಕಡಿಮೆ ಮಾಡಿದ. ಇದೊಂದು ತಪ್ಪು ತಿಳಿವಳಿಕೆಯನ್ನು ನಾನು ತಿದ್ದಲು ಹೋಗಲಿಲ್ಲ.

ಹಾರಿಸಲು ಆಷಾಢವೇ ಸರಿ. ರೆಕ್ಕೆಯ ಮಾದರಿ ಇಟ್ಟುಕೊಂಡವರು ಆಷಾಢದ ಗಾಳಿ ಕಂಡರೆ ಬಾಗಿಲು ಹಾಕಿಕೊಳ್ಳುತ್ತಾರೆ. ಆಟೋಜೈರೋಗೆ ಅದು ಹಬ್ಬ. ಸರ್ಕಾರದ ಡ್ರೋನ್ ನಕ್ಷೆಯಲ್ಲಿ ಹಸಿರು ಬಣ್ಣವಿರುವ ಬಯಲೊಂದನ್ನು ನೋಡಿಕೊಂಡು, ನನ್ನ ಹಳೆಯ ಶಿಷ್ಯನೊಬ್ಬನನ್ನು ಕರೆದುಕೊಂಡು ಹೋದೆ. ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ, ಮಾದರಿಯ ವೈರಿಂಗೆಲ್ಲ ಅವನದೇ. ನನ್ನ ವಿಷಯದಲ್ಲಿ ಮೂವತ್ತೈದು ಅಂಕ ದಾಟಿದವನಲ್ಲ. ರಿಮೋಟಿನ ಕಡ್ಡಿ ಹಿಡಿದರೆ ಬೆರಳು ಅಲುಗಾಡಿದ್ದೇ ಕಾಣುವುದಿಲ್ಲ. ಆದ್ದರಿಂದ ಸಿದ್ಧಾಂತ ನನ್ನದು, ರಿಮೋಟು ಅವನದು.

ಗಾಳಿಗೆ ಎದುರು ನಿಲ್ಲಿಸಿ, ರೋಟರನ್ನು ಪೂರ್ತಿ ಹಿಂದಕ್ಕೆ ವಾಲಿಸಿ, ಕೈಯಿಂದ ಒಮ್ಮೆ ತಳ್ಳಿದೆ. ಸೋಮಾರಿಯಾಗಿ ಸುತ್ತಿತು. ಇನ್ನೊಮ್ಮೆ ತಳ್ಳಿದೆ. ಆಮೇಲೆ ಗಾಳಿ ನನ್ನ ಕೈಯಿಂದ ಕೆಲಸ ಕಿತ್ತುಕೊಂಡಿತು: ಅಲಗುಗಳು ಒಂದೊಂದಾಗಿ ಕಾಣುವುದು ನಿಂತು ಮಸುಕು ತಟ್ಟೆಯಾಯಿತು, ಗುಂಯ್ ಎನ್ನತೊಡಗಿತು. ಅವಸರದ ಮನುಷ್ಯರು ಕೆಡುವುದು ಇಲ್ಲೇ. ಸುತ್ತು ಸಾಲದೆ ಓಡಿಸಿದರೆ ಹಿಂದೆ ಸರಿಯುವ ಅಲಗಿಗೆ ಬಲ ಸಿಗದೆ ಯಂತ್ರ ಆ ಪಕ್ಕಕ್ಕೇ ಮಲಗಿಬಿಡುತ್ತದೆ. "ಇನ್ನೂ ತಡಿ" ಎಂದೆ. "ಸಾರ್, ಪರೀಕ್ಷೆ ಹಾಲಲ್ಲೂ ಹಿಂಗೇ ಅಂತಿದ್ರಿ" ಎಂದ. ಬಿಡು ಎಂದಾಗ ಪ್ರೊಪೆಲ್ಲರ್ ಎಳೆದದ್ದೇ ತಡ, ನಾಲ್ಕು ಮಾರು ಓಡಿ ಎದ್ದಿತು. ಎದ್ದು, ಗಾಳಿಗೆದುರಾಗಿ, ತೆಂಗಿನ ಮರದೆತ್ತರದಲ್ಲಿ ಹೆಚ್ಚುಕಮ್ಮಿ ನಿಂತೇಬಿಟ್ಟಿತು. ಗಾಳಿಪಟದ ಹುಡುಗರು ಓಡಿಬಂದು ಮೊದಲು ಹುಡುಕಿದ್ದು ದಾರವನ್ನು. ಮೋಟಾರು ಪೂರ್ತಿ ನಿಲ್ಲಿಸು ಎಂದೆ. ನಿಲ್ಲಿಸಿದ. ಬೀಳಲಿಲ್ಲ, ರೋಟರು ಸುತ್ತುತ್ತಲೇ ಇತ್ತು. ಯಂತ್ರ ಆರಾಮವಾಗಿ ಇಳಿದು, ಇಳಿದ ಜಾಗದಲ್ಲೇ ನಿಂತಿತು. ಹಿಡಿಯಲು ನಾವು ಹತ್ತಿರ ಹೋಗುವಷ್ಟರಲ್ಲಿ ಒಂದು ಬೀಸುಗಾಳಿ ಬಂದು, ಇನ್ನೂ ಸುತ್ತುತ್ತಿದ್ದ ರೋಟರಿನ ಅಡಿಗೆ ನುಗ್ಗಿ, ಇಡೀ ಯಂತ್ರವನ್ನು ಮಗುಚಿ ಒಂದು ಅಲಗು ಮುರಿಯಿತು. ಆಚಾರ್ರ ನಾಲ್ಕನೆಯ ಪಟ್ಟಿ ನೆನಪಾಯಿತು. ಶೇಟರ ತಕ್ಕಡಿಯೂ.

ಅಷ್ಟರಲ್ಲಿ ಬದುವಿನ ಮೇಲೆ ಬೈಕು ನಿಲ್ಲಿಸಿ ನೋಡುತ್ತಿದ್ದ ರೈತರೊಬ್ಬರು ಇಳಿದು ಬಂದರು. ಈ ಕಡೆ ಈಗ ಡ್ರೋನಿನಲ್ಲಿ ಔಷಧಿ ಹೊಡೆಸುವುದುಂಟು. ಮಗುಚಿದ್ದನ್ನು ಸುತ್ತು ಹಾಕಿ ನೋಡಿ, "ಎಷ್ಟು ಲೀಟರ್ ಹಿಡಿತೈತೆ?" ಎಂದರು.

ಲೀಟರಲ್ಲ, ಯಂತ್ರವೇ ಒಂದು ಕೆಜಿ ಇಲ್ಲ ಎಂದೆ. ಮೇಲಿನದಕ್ಕೆ ಮೋಟಾರಿಲ್ಲ, ಗಾಳಿ ಕೆಳಗಿನಿಂದ ಹಾಯುತ್ತದೆ, 1923ರಲ್ಲಿ ಸ್ಪೇನಿನಲ್ಲಿ ಎಂದು ಶುರುಮಾಡಿದೆ. ಅವರು ತಾಳ್ಮೆಯಿಂದ ಕೇಳಿ, "ಎಲ್ಲಾ ಸರಿ, ಇದು ಯಾತಕ್ಕೆ ಬರ್ತೈತೆ?" ಎಂದರು. ನಾನು ಮತ್ತೆ ಬಾಯಿ ತೆರೆಯುವ ಮೊದಲೇ ಶಿಷ್ಯ, ವೈರು ಬಿಚ್ಚುತ್ತಿದ್ದವನು ತಲೆಯೆತ್ತದೆ, "ಮೇಷ್ಟ್ರು ರಿಟೈರ್ಡ್ ಆಗಿದಾರೆ ಕಣಣ್ಣ" ಎಂದ.

"ಹಂಗನ್ನು ಮತ್ತೆ" ಎಂದು ಅವರು ಬೈಕಿನ ಕಡೆ ಹೊರಟರು.