ಹಕ್ಕಿರಾಯರ ಬಡ್ತಿ

ಬ್ಯಾಂಕಿನಲ್ಲಿದ್ದಷ್ಟು ಕಾಲ ಬೆಳಿಗ್ಗೆ ಎಂಟಕ್ಕೆ ಮೊದಲು ಹಾಸಿಗೆ ಬಿಡದಿದ್ದವರು, ರಿಟೈರಾದ ಮೇಲೆ ನಾಲ್ಕೂವರೆಗೇ ಎದ್ದು, ಸದ್ದಾಗದಂತೆ ಫ್ಲಾಸ್ಕಿಗೆ ಚಹಾ ತುಂಬಿಕೊಂಡು ಮನೆ ಬಿಡುತ್ತಾರೆಂದರೆ ಒಂದೋ ಅವರಿಗೆ ವೈರಾಗ್ಯ ಬಂದಿರಬೇಕು, ಇಲ್ಲವೇ ಹಕ್ಕಿ ಹಿಡಿದಿರಬೇಕು. ಈಚೆಗೆ ಎರಡನೆಯದೇ ಜಾಸ್ತಿ. ಇಂಥವರು ಈಗ ಪ್ರತಿ ಊರಲ್ಲೂ ಇದ್ದಾರೆ. ಹೊಸಪೇಟೆಯ ನಮ್ಮವರನ್ನು ಹಕ್ಕಿರಾಯರು ಎಂದು ಕರೆಯೋಣ.

ಹೊಸಪೇಟೆಯಲ್ಲಿದ್ದು ಹಕ್ಕಿ ಹಿಡಿಸಿಕೊಳ್ಳದಿರುವುದೂ ಕಷ್ಟವೇ. ಒಂದು ದಿಕ್ಕಿಗೆ ಹೋದರೆ ದರೋಜಿ ಕರಡಿಧಾಮದ ಬಂಡೆಗುಡ್ಡ, ಕುರುಚಲು ಕಾಡು. ಇನ್ನೊಂದು ದಿಕ್ಕಿಗೆ ತುಂಗಭದ್ರೆಯ ಹಿನ್ನೀರು, ಅದನ್ನು ಬಳಸಿ ಹೋದರೆ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆ. ಬೆಳಿಗ್ಗೆ ಒಣಕಾಡಿನ ಹಕ್ಕಿ, ಸಂಜೆ ನೀರಿನ ಹಕ್ಕಿ. ನಡುವಿನ ಹೊತ್ತು, ಕಂಡ ಹಕ್ಕಿ ಯಾವುದೆಂದು ಫೋನಿನಲ್ಲಿ ವಾದ ಮಾಡುವುದಕ್ಕೆ ಮೀಸಲು.

ರಾಯರ ವೇಷ ತಲೆಯಿಂದ ಕಾಲಿನವರೆಗೆ ಎಲೆಹಸಿರು. ಹಕ್ಕಿಗಳಿಗೆ ಗುರುತು ಸಿಗಬಾರದೆಂದು ಈ ಏರ್ಪಾಡು. ಆದರೆ ಮಾರ್ಚ್ ಹೊತ್ತಿಗೆ ದರೋಜಿಯ ಗುಡ್ಡಗಳು ಎಲೆ ಉದುರಿಸಿ ಬೋಳಾಗಿ ನಿಂತಿರುತ್ತವೆ. ಕಣ್ಣಳತೆಯಲ್ಲಿ ಹಸಿರಾಗಿರುವುದು ರಾಯರೊಬ್ಬರೇ. ಅವರು ಕಾರಿನಿಂದ ಇಳಿದ ಕೂಡಲೇ ಟಿಟ್ಟಿಭವೊಂದು ಎದ್ದು, ಬಂದವರು ಯಾರು, ಎಲ್ಲಿ ನಿಂತಿದ್ದಾರೆ ಎಂಬುದನ್ನೆಲ್ಲ ಸುತ್ತಲ ಸಮಸ್ತರಿಗೂ ಸಾರಿಬಿಡುತ್ತದೆ. ಹೆಗಲಲ್ಲಿ ಗ್ರಾಚ್ಯುಟಿ ಹಣದಲ್ಲಿ ಕೊಂಡ 600 ಎಂಎಂ ಲೆನ್ಸು. ಅದರ ನಿಜವಾದ ಬೆಲೆ ರಾಯರಿಗೂ ಅಂಗಡಿಯವನಿಗೂ ಮಾತ್ರ ಗೊತ್ತು. ಮನೆಯಲ್ಲಿ ಹೇಳಿರುವ ಬೆಲೆಗೆ ಅದರ ಮುಚ್ಚಳ ಬಂದರೆ ಹೆಚ್ಚು.

ಇಷ್ಟು ಸಜ್ಜಾಗಿ ಅವರು ಒಂದು ಕವಳಿ ಪೊದೆಯ ಮುಂದೆ ಬಗ್ಗಿ ನಿಂತು ಅರ್ಧ ಗಂಟೆ ಕದಲಲಿಲ್ಲ. ಕುರಿ ಹೊಡೆದುಕೊಂಡು ಬಂದವನೊಬ್ಬ ನೋಡಿ ನೋಡಿ ಮನಸ್ಸು ತಡೆಯದೆ ಕೇಳಿದ: “ಏನ್ ಕಳಕೊಂಡೀರಿ ಸಾಹೇಬ್ರ? ನಾನೂ ಹುಡುಕ್ಲೇನು?”

ಹಕ್ಕಿರಾಯರ ಲೋಕದಲ್ಲಿ ಜಾತಿಪದ್ಧತಿ ಕಟ್ಟುನಿಟ್ಟು. ಗೊರವಂಕ, ಹರಟೆಮಲ್ಲ, ಕೊಳದ ಬಕ ಇವೆಲ್ಲ ಲೆಕ್ಕಕ್ಕಿಲ್ಲ. “ಅಲ್ಲೇನೋ ಕೂತಿದೆ” ಎಂದು ನೀವು ಉತ್ಸಾಹದಿಂದ ತೋರಿಸಿದರೆ ಅವರು ಅರೆಕ್ಷಣ ದುರ್ಬೀನು ಎತ್ತಿ, “ಬರೀ ಪಿಕಳಾರ” ಎಂದು ಇಳಿಸುತ್ತಾರೆ. ಆ ‘ಬರೀ’ಯಲ್ಲಿ ಪಿಕಳಾರದ ಜೊತೆ ನಿಮ್ಮ ಮಾನವೂ ಹೋಯಿತು. ಆದರೆ ಹತ್ತು ಗ್ರಾಂ ಕೂಡ ತೂಗದ, ಮಾಸಲು ಹಸಿರಿನ, ಒಂದನ್ನು ಇನ್ನೊಂದರಿಂದ ಬೇರೆ ಮಾಡಲು ಬರದ ಉಲಿಯಕ್ಕಿ ಕಂಡರೆ ಮಾತ್ರ ರಾಯರ ಕೈ ನಡುಗುತ್ತದೆ. ರೆಕ್ಕೆಯ ಮೇಲೆ ಬಿಳಿ ಗೆರೆ ಇತ್ತೋ ಇಲ್ಲವೋ, ಇದ್ದರೆ ಒಂದೋ ಎರಡೋ ಎಂಬ ಚರ್ಚೆಯಲ್ಲಿ ಎಷ್ಟೋ ಹಳೆಯ ಸ್ನೇಹಗಳು ಮುರಿದಿವೆ.

ದರೋಜಿಯಲ್ಲಿ ಮಧ್ಯಾಹ್ನ ಅರಣ್ಯ ಇಲಾಖೆಯವರು ಬಂಡೆಗಳಿಗೆ ಬೆಲ್ಲದ ಪಾಕ ಬಳಿದು ಹೋಗುತ್ತಾರೆ. 1994ರಲ್ಲಿ ಕರಡಿಗಳಿಗೆಂದೇ ಆದ ಧಾಮ ಇದು. ಬಿಸಿಲು ಇಳಿಯುತ್ತಿದ್ದಂತೆ ನವಿಲು, ಮುಂಗುಸಿ, ಕಾಡುಹಂದಿ ಬಂದು ರುಚಿ ನೋಡುತ್ತವೆ. ಆಮೇಲೆ ಬೆನ್ನ ಮೇಲೆ ಮರಿ ಹೊತ್ತ ತಾಯಿಕರಡಿ ಇಳಿದು ಬರುತ್ತದೆ. ವೀಕ್ಷಣಾ ಗೋಪುರದ ಮೇಲಿನವರೆಲ್ಲ ಉಸಿರು ಬಿಗಿಹಿಡಿದು ಪೂರ್ವಕ್ಕೆ ನೋಡುತ್ತಿದ್ದರೆ ರಾಯರೊಬ್ಬರು ಪಶ್ಚಿಮಕ್ಕೆ ತಿರುಗಿ ನಿಂತಿದ್ದಾರೆ. ಮೊಮ್ಮಗ ಅಂಗಿ ಜಗ್ಗಿ, “ತಾತಾ, ಕರಡಿ!” ಎಂದ. “ಶ್! ಉಲಿಯಕ್ಕಿ” ಎಂದರು ತಾತ. ಮನೆಗೆ ಹೋದ ಮೇಲೆ ಮೊಮ್ಮಗನಿಗೆ, ಈ ಕರಡಿಗೆ ಮೇಲಿನ ನಡುವಣ ಎರಡು ಬಾಚಿಹಲ್ಲು ಇರುವುದಿಲ್ಲ, ಆ ಸಂದಿಯಿಂದಲೇ ಅದು ಗೆದ್ದಲನ್ನು ಹೀರಿಕೊಳ್ಳುತ್ತದೆ ಎಂದು ಅರ್ಧ ತಾಸು ವಿವರಿಸಿದ್ದೂ ಅವರೇ.

ಅಂಕಸಮುದ್ರ 2024ರ ಜನವರಿಯಲ್ಲಿ ರಾಮ್‌ಸಾರ್ ಪಟ್ಟಿಗೆ ಸೇರಿತು. ಜೊತೆಗೆ ಗದಗ ಜಿಲ್ಲೆಯ ಮಾಗಡಿ ಕೆರೆ ಮತ್ತು ಅಘನಾಶಿನಿ ಅಳಿವೆ. ಅಂದಿನಿಂದ ರಾಯರ ಬಾಯಲ್ಲಿ ರಾಮ್‌ಸಾರ್ ಬಿಟ್ಟು ಬೇರೆ ಮಾತಿಲ್ಲ. ಮನೆಯವರು ಒಂದು ವಾರ ಕೇಳಿಸಿಕೊಂಡು, “ರೀ, ಆ ರಾಮ್ ಸಾರ್‌ನ ಒಂದಿನ ಊಟಕ್ಕಾದರೂ ಕರೀರಿ, ಪಾಪ” ಎಂದರು. ಅದು ಇರಾನಿನ ಒಂದು ಊರು, 1971ರಲ್ಲಿ ಜೌಗುನೆಲಗಳ ಒಪ್ಪಂದ ಆದದ್ದು ಅಲ್ಲಿ ಎಂದು ರಾಯರು ತಿಳಿಸಿ ಹೇಳಿದ ಮೇಲೆ, “ಅಷ್ಟು ದೂರದೋರು ಹೇಗೆ ಬಂದಾರು ಬಿಡಿ” ಎಂದು ಒಳಗೆ ಹೋದರು.

ಆ ಕೆರೆಯ ಏರಿಯ ಮೇಲೆ ಮಾತ್ರ ರಾಯರು ಬೇರೆಯೇ ಮನುಷ್ಯ. ನೀರಿನಲ್ಲಿ ನಿಂತ ಜಾಲಿಮರಗಳ ತುಂಬ ಕೊಕ್ಕರೆ ಗೂಡು, ನೀರುಕಾಗೆಗಳ ಗಲಾಟೆ. ಕೆಸರಲ್ಲಿ ಒಂದು ಬಾಯ್ಕಳಕ. ಮುಚ್ಚಿದ ಕೊಕ್ಕಿನ ನಡುವೆಯೂ ಸಂದಿ ಬಿಟ್ಟುಕೊಂಡಿರುವ ಈ ಹಕ್ಕಿ ಒಂದು ಶಂಖದ ಹುಳುವನ್ನು ಎತ್ತಿ, ನೆಲಕ್ಕೊತ್ತಿ, ಕೆಳಕೊಕ್ಕಿನ ತುದಿಯನ್ನು ಚಿಪ್ಪಿನ ಬಾಯಿಗೆ ತೂರಿಸಿ, ತಲೆಯನ್ನು ಗಡಗಡ ಅಲ್ಲಾಡಿಸಿ ಮಾಂಸವನ್ನಷ್ಟೇ ಎಳೆದು ನುಂಗಿತು. ಚಿಪ್ಪು ಒಡೆದಿರಲಿಲ್ಲ. ಬಾಯ್ಕಳಕ ರಾಯರ ಹಕ್ಕಿಪಟ್ಟಿಯ ದೃಷ್ಟಿಯಿಂದ ‘ಬರೀ’ ವರ್ಗದ್ದೇ. ಆದರೂ ರಾಯರು ಕ್ಯಾಮೆರಾ ಮರೆತು ನಿಂತರು. “ಮರಿಗಳಿಗೆ ಈ ಸಂದಿ ಇರಲ್ಲ ಕಣ್ರೀ, ಬೆಳೀತಾ ಬರೋದು” ಎಂದರು, ತಮ್ಮ ಮಕ್ಕಳ ವಿಷಯವನ್ನೂ ಅಷ್ಟು ಅಕ್ಕರೆಯಿಂದ ಹೇಳದ ಮನುಷ್ಯ.

ಈ ಬಳಗದಲ್ಲಿ ಬ್ಯಾಂಕಿನಲ್ಲಿದ್ದ ಹಾಗೆಯೇ ಮೂರು ದರ್ಜೆ. “ಎಲ್ಲಿ? ಎಲ್ಲಿ?” ಅನ್ನುವವನು ಗುಮಾಸ್ತ. “ಈಗ ತಾನೇ ಹಾರಿತು” ಅನ್ನುವವನು ಆಫೀಸರ್. “ನಿನ್ನೆ ಬರಬೇಕಿತ್ತು” ಅನ್ನುವವನು ಮ್ಯಾನೇಜರ್. ರಾಯರು ಬಹುಕಾಲ ಎರಡನೇ ದರ್ಜೆಯಲ್ಲೇ ಉಳಿದಿದ್ದರು. ಅವರಿಗೆ ಬಡ್ತಿ ಕೊಡಿಸಿದ್ದು ಹಳದಿ ಕೊರಳಿನ ಪಿಕಳಾರ. ಇದು ಬರೀ ಪಿಕಳಾರವಲ್ಲ. ದಕ್ಷಿಣ ಭಾರತದ ಬಂಡೆಗುಡ್ಡಗಳನ್ನು ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲದ ಹಕ್ಕಿ. ರಾಯರ ಪಟ್ಟಿಯಲ್ಲೂ ಇರಲಿಲ್ಲ.

ಧ್ವನಿಮುದ್ರಿತ ಕೂಗು ಹಾಕಿ ಹಕ್ಕಿಯನ್ನು ಕರೆಯಬಾರದು, ಎದುರಾಳಿ ಬಂದನೆಂದು ಅದು ಗೂಡು ಬಿಟ್ಟು ಜಗಳಕ್ಕೆ ಬರುತ್ತದೆ ಎಂದು ಊರಿಗೆಲ್ಲ ಪಾಠ ಹೇಳುವವರು ರಾಯರೇ. ಆದರೆ ಆವತ್ತು ಗುಡ್ಡದ ತಪ್ಪಲಲ್ಲಿ ಸುತ್ತಮುತ್ತ ಯಾರೂ ಕಾಣದ್ದರಿಂದ “ಒಂದೇ ಸಲ, ಸಣ್ಣಗೆ” ಎಂದು ಮೊಬೈಲ್ ಒತ್ತಿದರು. ಆಚೆ ಬದಿಯಿಂದ ಉತ್ತರ ಬಂತು! ಇನ್ನೊಮ್ಮೆ ಒತ್ತಿದರು. ಉತ್ತರ ಇನ್ನಷ್ಟು ಹತ್ತಿರದಲ್ಲಿ. ರಾಯರು ಮಂಡಿಯೂರಿ, ಆಮೇಲೆ ಮೊಣಕೈಯೂರಿ ಬಂಡೆಯನ್ನು ಬಳಸಿ ತೆವಳಿದರು. ಬಂಡೆಯ ತಿರುವಿನಲ್ಲಿ ಒಂದು ಲೆನ್ಸು ಇನ್ನೊಂದು ಲೆನ್ಸಿಗೆ ಡಿಕ್ಕಿ ಹೊಡೆಯಿತು. ಆಚೆಯವರೂ ಎಲೆಹಸಿರು, ಅವರೂ ಬ್ಯಾಂಕಿನವರೇ. ಅವರ ಕೈಯಲ್ಲೂ ಮೊಬೈಲ್.

ಇಬ್ಬರೂ ಮೈಮೇಲಿನ ಮುಳ್ಳು ಕಿತ್ತುಕೊಂಡು ಸ್ವಲ್ಪ ಹೊತ್ತು ಕೂತರು.

“ಮೂರನೇ ಸಲದ ಕೂಗು ನಿಮ್ಮದೇನಾ?” ಎಂದರು ರಾಯರು.

“ಇಲ್ಲಪ್ಪ. ನಿಮ್ಮದು ಅಂದ್ಕೊಂಡೆ.”

“ನನ್ನದಂತೂ ಅಲ್ಲ.”

ಲೆಕ್ಕ ತಾಳೆಯಾಯಿತು. ಹಕ್ಕಿಪಟ್ಟಿಯಲ್ಲಿ ಕಂಡದ್ದನ್ನಷ್ಟೇ ಅಲ್ಲ, ಕೇಳಿದ್ದನ್ನೂ ಬರೆಯಬಹುದು. ಇಬ್ಬರೂ ಒಬ್ಬರಿಗೊಬ್ಬರು ಸಾಕ್ಷಿಯಾಗಿ ‘ಕೇಳಿಸಿತು: 1’ ಎಂದು ಅಲ್ಲೇ ನಮೂದಿಸಿದರು.

ಸುದ್ದಿ ಹಬ್ಬಿ, ಮುಂದಿನ ಭಾನುವಾರ ಬೆಳಗಾಗುವ ಮೊದಲೇ ಬೆಂಗಳೂರಿನ ಕಾರುಗಳು ತಪ್ಪಲಿಗೆ ಬಂದಿದ್ದವು. ಹುಡುಗನೊಬ್ಬ ಓಡಿ ಬಂದು, “ಸರ್, ಎಲ್ಲಿ ಸರ್ ಅದು? ಸಿಗುತ್ತಾ?” ಎಂದು ಕೈಮುಗಿದ. ರಾಯರು ಫ್ಲಾಸ್ಕಿನ ಮುಚ್ಚಳ ತಿರುಗಿಸಿ, ಚಹಾ ಬಗ್ಗಿಸಿಕೊಂಡು, ಒಂದು ಗುಟುಕು ಕುಡಿದು, ಅವನನ್ನು ಕರುಣೆಯಿಂದ ನೋಡಿದರು.

“ಹೋದ ವಾರ ಬರಬೇಕಿತ್ತು ನೀವು.”

ವರ್ಗಾವಣೆಗೆ ಹೆದರಿ ಬ್ಯಾಂಕಿನಲ್ಲಿ ಎರಡು ಸಲ ಬೇಡವೆಂದು ಬರೆದುಕೊಟ್ಟಿದ್ದ ಮ್ಯಾನೇಜರ್ ಹುದ್ದೆ, ಊರು ಬಿಡದೆ, ಅದೂ ರಿಟೈರಾದ ಮೇಲೆ, ಹಕ್ಕಿರಾಯರಿಗೆ ಹೀಗೆ ಸಿಕ್ಕಿತು.