ಅಜ್ಜಿ ಕೊಡಿಸಿದ ಜರ್ಸಿ

ಬೇರೆ ಆಟಗಳ ವಿಶ್ವಕಪ್‌ನಲ್ಲಿ ದೇಶಗಳು ಆಡುತ್ತವೆ. ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್‌ನಲ್ಲಿ ಅರ್ಧ ಆಟ ಅಜ್ಜಿಯರದು. ಅಪ್ಪನೋ ಅಮ್ಮನೋ ಒಂದು ದೇಶದಲ್ಲಿ ಹುಟ್ಟಿದ್ದರೆ ಸಾಕು, ಅದರ ಪರ ಆಡಬಹುದು. ಪೌರತ್ವ ಸಿಗುವ ಅರ್ಹತೆಯಿದ್ದರೂ ಆಯಿತು, ಪಾಸ್‌ಪೋರ್ಟ್ ಆಮೇಲೆ ನೋಡಿಕೊಳ್ಳೋಣ. ಅಮೆರಿಕದಲ್ಲೇ ಹುಟ್ಟಿ ಬೆಳೆದ ಹುಡುಗರು ಹಿರಿಯರ ಹೆಸರು ಹೇಳಿ ಇಟಲಿಯ ಜರ್ಸಿ ತೊಡುತ್ತಾರೆ. 2023ರಲ್ಲಿ ಈ ತಂಡ ಡಗೌಟ್‌ನಲ್ಲಿ ಎಸ್ಪ್ರೆಸ್ಸೊ ಯಂತ್ರವನ್ನೇ ಇಟ್ಟುಕೊಂಡಿತ್ತು, ಬಹುಶಃ ಯಾರಿಗೂ ಅನುಮಾನ ಬಾರದಿರಲಿ ಎಂದು. ಮದುವೆಮನೆಯಲ್ಲಿ "ತೀರ್ಥಹಳ್ಳಿ ಕಡೆಯವ್ರಾ? ಹಾಗಾದ್ರೆ ನಮ್ಮ ದೊಡ್ಡಮ್ಮನ ಕಡೆಯಿಂದ ನೆಂಟ್ರೇ ಆಗ್ಬೇಕು" ಎನ್ನುತ್ತಾ ಎಲೆಯ ಮುಂದೆ ಕೂರುವ ನಮಗೆ ಈ ನಿಯಮ ಹೊಸದೇನಲ್ಲ.

ಆದರೆ ನನ್ನ ಮನಸ್ಸು ಗೆದ್ದದ್ದು ಅದೇ ವರ್ಷ ಮೊದಲ ಸಲ ಬಂದ ಜೆಕ್ ತಂಡ. ಕೋಚ್ ಪಾವೆಲ್ ಹಾದಿಮ್ ನರರೋಗ ವೈದ್ಯರು. ಆಟಗಾರರಲ್ಲಿ ಅಗ್ನಿಶಾಮಕ ದಳದವರಿದ್ದರು, ಮೇಷ್ಟರಿದ್ದರು. ಬಹುತೇಕರು ರಜಾ ಚೀಟಿ ಕೊಟ್ಟು ಬಂದವರು. ಪಿಚರ್ ಸಟೋರಿಯಾ ವೃತ್ತಿಯಿಂದ ಎಲೆಕ್ಟ್ರಿಷಿಯನ್. ಮಾರ್ಚ್ 11ರಂದು, ಕಿಕ್ಕಿರಿದ ಟೋಕಿಯೋ ಡೋಮ್‌ನಲ್ಲಿ, ಈತನೆದುರು ಬ್ಯಾಟು ಹಿಡಿದು ನಿಂತವನು ಜಪಾನಿನ ತಾರೆ ಶೋಹೇ ಓತಾನಿ. ಅಲ್ಲಿ 160 ಕಿ.ಮೀ. ವೇಗದಲ್ಲಿ ಎಸೆಯುವವರಿದ್ದಾರೆ, ಸಟೋರಿಯಾ ಎಸೆದದ್ದು ಸುಮಾರು 115. ಓತಾನಿ ಗಾಳಿಗೆ ಬ್ಯಾಟು ಬೀಸಿ ಔಟ್! ವೆಂಕಟೇಶ್ ಪ್ರಸಾದರ ನಿಧಾನದ ಚೆಂಡು ನೋಡುತ್ತಾ ಬೆಳೆದ ನನಗೆ ಸ್ವಂತ ಅಣ್ಣ ವಿಕೆಟ್ ತೆಗೆದಷ್ಟು ಖುಷಿ.

ಮೊಬೈಲಿನಲ್ಲಿ ಈ ತುಣುಕನ್ನು ಹೆಂಡತಿಗೆ ತೋರಿಸಿದೆ.

"ಎಲೆಕ್ಟ್ರಿಷಿಯನ್ನಾ?" ಅಂದಳು. "ಹಾಲಿನ ಫ್ಯಾನ್ ನೋಡೋಕೆ ನಾಳೆ ಬರ್ತೀನಿ ಅಂದೋನು ಯುಗಾದಿ ಹತ್ರ ಬಂದ್ರೂ ಪತ್ತೆ ಇಲ್ಲ. ಅವ್ನೂ ಹೀಗೇ ಎಲ್ಲಾದ್ರೂ ಆಡೋಕೆ ಹೋಗಿರ್ಬೇಕು ನೋಡ್ರಿ."

ಪಂದ್ಯವನ್ನು ಜಪಾನ್ 10–2ರಿಂದ ಗೆದ್ದಿತು, ಅದು ಬೇರೆ ಮಾತು. ನಡುವೆ ಜಪಾನಿನ ಪಿಚರ್ ರೋಕಿ ಸಾಸಾಕಿಯ 162 ಕಿ.ಮೀ. ವೇಗದ ಚೆಂಡು ಜೆಕ್ ಆಟಗಾರ ವಿಲ್ಲಿ ಎಸ್ಕಾಲನ ಮೊಣಕಾಲಿಗೆ ಬಡಿಯಿತು. ಬಿದ್ದವನು ಎದ್ದು, ಕುಂಟುತ್ತಾ ಓಡಿ ತೋರಿಸಿ ಆಟ ಮುಂದುವರಿಸಿದ. ಒಂದೆರಡು ದಿನ ಬಿಟ್ಟು ಸಾಸಾಕಿ ಕೈಯಲ್ಲಿ ಎರಡು ಚೀಲ ಮಿಠಾಯಿ ಹಿಡಿದು ಅವರ ಹೋಟೆಲಿಗೇ ಹೋದ. ಕ್ರಿಕೆಟ್‌ನಲ್ಲಿ ಬೌನ್ಸರ್ ಹಾಕಿದವರು ದಿಟ್ಟಿಸಿ ನೋಡುತ್ತಾರೆ, ಅಷ್ಟೇ. ಮೈಸೂರು ಪಾಕಿನ ಡಬ್ಬಿ ತಂದ ಒಬ್ಬ ಫಾಸ್ಟ್ ಬೌಲರನ್ನು ನಾನಂತೂ ಕಂಡಿಲ್ಲ.

ಓತಾನಿಯೂ ಅಷ್ಟೇ, ಸೆಮಿಫೈನಲ್‌ಗೆಂದು ಮಯಾಮಿಯಲ್ಲಿ ವಿಮಾನ ಇಳಿಯುವಾಗ ತಲೆಯ ಮೇಲೆ ಜೆಕ್ ತಂಡದ ಟೋಪಿ ಇತ್ತು.

ಫೈನಲ್ ಅಮೆರಿಕದ ಮೇಲೆ. ಕೊನೆಯ ಇನಿಂಗ್ಸ್, ಜಪಾನ್ 3–2ರಿಂದ ಮುಂದೆ, ಎರಡು ಔಟ್. ಈಗ ಚೆಂಡು ಓತಾನಿಯ ಕೈಯಲ್ಲಿ, ಬ್ಯಾಟು ಮೈಕ್ ಟ್ರೌಟ್ ಕೈಯಲ್ಲಿ. ಆಗ ಇಬ್ಬರೂ ಲಾಸ್ ಏಂಜಲೀಸ್ ಏಂಜಲ್ಸ್ ಕ್ಲಬ್ಬಿನಲ್ಲಿ ಸಹೋದ್ಯೋಗಿಗಳಾಗಿದ್ದರು. ಟ್ರೌಟ್ ಔಟ್. ಓತಾನಿ ಗ್ಲೌಸು, ಟೋಪಿ ಎಲ್ಲ ಕಿತ್ತೆಸೆದು ಕುಣಿದ.

"ಅಯ್ಯೋ, ಅಷ್ಟೊಂದಾ ಕುಣಿಯೋದು!" ಹೆಂಡತಿಗೆ ಸಂಕಟವಾಯಿತು. "ವಾರ ಕಳೆದ್ರೆ ಒಂದೇ ಆಫೀಸಲ್ಲಿ ಮುಖ ಮುಖ ನೋಡ್ಬೇಕಲ್ಲ್ರೀ."

ನೋಡಿಕೊಂಡರು, ಏನೂ ತೊಂದರೆಯಾಗಲಿಲ್ಲ. ಜಗತ್ತೇ ಬೆರಗಾಗಿ ನೋಡಿದ ಈ ಇಬ್ಬರನ್ನೂ ಇಟ್ಟುಕೊಂಡು ಏಂಜಲ್ಸ್ ಆ ವರ್ಷ 73 ಪಂದ್ಯ ಗೆದ್ದು 89 ಸೋತಿತು.